ಪ್ರಿಂಟ್ ಬರುತ್ತೆ, ಅಪ್‌ಡೇಟ್ ಆಗಲ್ಲ

ನನ್ನ ಪ್ರಿಂಟರ್ ಕೆಟ್ಟಿರಲಿಲ್ಲ. ಲ್ಯಾಪ್‌ಟಾಪಿನಿಂದ ಕೊಟ್ಟ ಪ್ರಿಂಟ್ ಅಚ್ಚುಕಟ್ಟಾಗಿ ಬರುತ್ತಿತ್ತು. ಜೆರಾಕ್ಸ್ ಕೂಡ ಆಗುತ್ತಿತ್ತು. ಆದರೆ ಸ್ಕ್ಯಾನ್ ಮಾಡಿದ ಕಾಗದವನ್ನು ತಾನೇ ಮೇಲ್ ಮಾಡುವುದನ್ನು ನಿಲ್ಲಿಸಿಬಿಟ್ಟಿತ್ತು. ಫರ್ಮ್‌ವೇರ್ (ಪ್ರಿಂಟರಿನೊಳಗೇ ಇರುವ ಸಾಫ್ಟ್‌ವೇರ್) ಅಪ್‌ಡೇಟ್ ಒತ್ತಿದರೆ ಸ್ವಲ್ಪ ಹೊತ್ತು ಯೋಚಿಸಿ, ಆಗಲಿಲ್ಲ, ಆಮೇಲೆ ನೋಡಿ ಎನ್ನುತ್ತಿತ್ತು. ಯಾಕೆ ಆಗಲಿಲ್ಲ ಅನ್ನುವುದಕ್ಕೆ ಆ ಪುಟ್ಟ ಪರದೆಯಲ್ಲಿ ಜಾಗವೇ ಇರಲಿಲ್ಲ ಅನ್ನಿಸುತ್ತದೆ.

ನಾನು ದಾವಣಗೆರೆಯಲ್ಲಿ ಮನೆಯ ಮುಂದಿನ ಕೋಣೆಯನ್ನೇ ಆಫೀಸ್ ಮಾಡಿಕೊಂಡು ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಕೆಲಸ ನೋಡಿಕೊಳ್ಳುತ್ತೇನೆ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ರಿಟರ್ನ್ ಸಲ್ಲಿಸಬೇಕು. ಆ ತಾರೀಖುಗಳು ಹತ್ತಿರ ಬಂದರೆ ಅಂಗಡಿಯವರು ಚೀಲದ ತುಂಬ ಬಿಲ್ ತಂದು ಟೇಬಲ್ ಮೇಲೆ ಸುರಿಯುತ್ತಾರೆ. ಅವನ್ನು ಮೇಲಿನ ಟ್ರೇಗೆ ಹಾಕಿ ಒಂದು ಬಟನ್ ಒತ್ತಿದರೆ ಮೇಲ್‌ಗೆ ಬಂದು ಬೀಳಬೇಕು. ಅದಕ್ಕೇ ಈ ಮಲ್ಟಿಫಂಕ್ಷನ್ ಲೇಸರ್ ತಗೊಂಡಿದ್ದು. ಹಳೆಯ ಮಾಡೆಲ್, ಕಪ್ಪು-ಬಿಳುಪು, ಯುಎಸ್‌ಬಿ, ಲ್ಯಾನ್, ವೈಫೈ ಮೂರೂ ಇವೆ. ಕಂಪನಿಯ ಹೆಸರು ಬೇಡ ಬಿಡಿ. ಮುಂದೆ ಹೇಳುವುದು ಹೆಚ್ಚುಕಡಿಮೆ ಎಲ್ಲ ಕಂಪನಿಯವಕ್ಕೂ ಹೊಂದುತ್ತದೆ.

ಮೊದಲು ಸರ್ವಿಸ್‌ನವರನ್ನೇ ಕರೆಸಿದೆ. ಬಂದ ಹುಡುಗ ಚುರುಕು. ನಮ್ಮ ವೈಫೈನಲ್ಲಿ ನೋಡಿದ, ಆಗಲಿಲ್ಲ. ತನ್ನ ಮೊಬೈಲ್ ಹಾಟ್‌ಸ್ಪಾಟ್‌ಗೆ ಪ್ರಿಂಟರನ್ನು ಸೇರಿಸಿ ನೋಡಿದ, ಅಲ್ಲೂ ಆಗಲಿಲ್ಲ. "ಸಾರ್, ನಿಮ್ಮ ನೆಟ್‌ದೇನೂ ಪ್ರಾಬ್ಲಂ ಇಲ್ಲ. ಬೋರ್ಡೇ ಹೋಗೈತೆ" ಅಂದ. ಹೊಸ ಬೋರ್ಡಿಗೆ ಅವನು ಹೇಳಿದ ರೇಟಿನಲ್ಲಿ ಸೆಕೆಂಡ್ ಹ್ಯಾಂಡ್ ಪ್ರಿಂಟರೇ ಬರುತ್ತದೆ. ಬೋರ್ಡ್ ಹೋಗಿದ್ದರೆ ಪ್ರಿಂಟ್ ಹೇಗೆ ಬರುತ್ತಿದೆ ಅಂತ ಕೇಳಿದೆ. "ಅದು ಬೇರೆ ಸಾರ್" ಅಂದ. ಅವನು ಹೇಳಿದ್ದರಲ್ಲಿ ಈ ಎರಡು ಪದ ಮಾತ್ರ ನೂರಕ್ಕೆ ನೂರು ಸರಿ ಇತ್ತು.

ಪ್ರಿಂಟ್ ಹೋಗುವ ದಾರಿಯೇ ಬೇರೆ, ಅಪ್‌ಡೇಟ್ ಬರುವ ದಾರಿಯೇ ಬೇರೆ. ನಾವು ಪ್ರಿಂಟ್ ಕೊಟ್ಟಾಗ ಲ್ಯಾಪ್‌ಟಾಪಿನಿಂದ ಪ್ರಿಂಟರಿಗೆ ಮನೆಯೊಳಗೇ ಮಾತುಕತೆ ಮುಗಿಯುತ್ತದೆ. ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಅಪ್‌ಡೇಟ್‌ಗೆ, ಮೇಲ್‌ಗೆ ಹಾಗಲ್ಲ. ಪ್ರಿಂಟರ್ ತಾನೇ ಮನೆಯಿಂದ ಹೊರಗೆ ಹೋಗಿ ದೂರದ ಸರ್ವರ್ ಹುಡುಕಬೇಕು. ಅದಕ್ಕೆ ಅದರದೇ ಐಪಿ ಅಡ್ರೆಸ್ (ನೆಟ್‌ವರ್ಕಿನಲ್ಲಿ ಅದರ ಮನೆ ನಂಬರ್), ಅದರದೇ ಗೇಟ್‌ವೇ (ಹೊರಗೆ ಹೋಗುವ ಬಾಗಿಲು, ಅಂದರೆ ರೂಟರ್), ಅದರದೇ ಡಿಎನ್‌ಎಸ್ (ಸರ್ವರ್ ಹೆಸರಿನಿಂದ ಅದರ ನಂಬರ್ ಹುಡುಕಿಕೊಡುವುದು), ಅದರದೇ ಗಡಿಯಾರ ಬೇಕು. ಲ್ಯಾಪ್‌ಟಾಪಿನಲ್ಲಿ ಯೂಟ್ಯೂಬ್ ಓಡುತ್ತಿದೆ ಅಂದ ಮಾತ್ರಕ್ಕೆ ಪ್ರಿಂಟರಿಗೂ ನೆಟ್ ಸಿಗುತ್ತಿದೆ ಅಂತ ಅರ್ಥವಲ್ಲ. ನನ್ನಲ್ಲಿ ನಿಂತುಹೋಗಿದ್ದ ಎರಡೂ ಕೆಲಸ ಹೊರಗೆ ಹೋಗುವಂಥವೇ. ಹಾಗಾದರೆ ನೋಡಬೇಕಾದ್ದು ಹೊರಗೆ ಹೋಗುವ ದಾರಿಯನ್ನು, ಅಲ್ವಾ?

ಪ್ರಿಂಟರಿನ ಮೆನುವಿನಲ್ಲಿ ನೆಟ್‌ವರ್ಕ್ ರಿಪೋರ್ಟ್ ಅಂತ ಒಂದು ಇರುತ್ತದೆ. ಅದನ್ನು ಪ್ರಿಂಟ್ ಮಾಡಿಕೊಂಡೆ. ಒಂದೇ ಹಾಳೆ, ಆದರೆ ಬೇಕಾದ್ದೆಲ್ಲ ಅದರಲ್ಲೇ ಇತ್ತು. ಐಪಿ 192.168.1.50. ಅದನ್ನು ಯಾರೋ ಕೈಯಿಂದ ಕೂರಿಸಿದ್ದಾರೆ, ಅಂದರೆ ಸ್ಟ್ಯಾಟಿಕ್. ಗೇಟ್‌ವೇ 192.168.1.1. ಡಿಎನ್‌ಎಸ್ ಕೂಡ ಅದೇ. ಆಮೇಲೆ ಲ್ಯಾಪ್‌ಟಾಪಿನ ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ ಕೊಟ್ಟು ನೋಡಿದೆ. ಅಲ್ಲಿ ಗೇಟ್‌ವೇ 192.168.1.254 ಅಂತ ಇತ್ತು.

ಅಷ್ಟೇ ವಿಷಯ. ಈಚೆಗೆ ಮನೆಗೆ ಫೈಬರ್ ಹಾಕಿಸಿದ್ದೆವು. ಹಳೆಯ ರೂಟರ್ ಹೋಗಿ ಹೊಸದು ಬಂದಿತ್ತು. ಹಳೆಯದರ ನಂಬರ್ 1, ಹೊಸದರದ್ದು 254. ಮೊದಲ ಮೂರು ಸಂಖ್ಯೆ ಒಂದೇ ಇದ್ದಿದ್ದರಿಂದ ಮನೆಯೊಳಗಿನ ಪ್ರಿಂಟಿಗೆ ಏನೂ ತೊಂದರೆ ಆಗಲಿಲ್ಲ. ಹೊರಗೆ ಹೋಗಬೇಕಾದಾಗ ಮಾತ್ರ ಪ್ರಿಂಟರ್ ಹಳೆಯ ರೂಟರನ್ನು ಹುಡುಕುತ್ತಿತ್ತು. ಖಾಲಿ ಮಾಡಿದ ಬಾಡಿಗೆ ಮನೆಯ ಬಾಗಿಲು ತಟ್ಟಿದ ಹಾಗೆ, ಒಳಗೆ ಯಾರೂ ಇಲ್ಲ. ಹಾಟ್‌ಸ್ಪಾಟ್‌ನಲ್ಲಿ ಯಾಕೆ ಆಗಲಿಲ್ಲ ಅನ್ನುವುದಕ್ಕೂ ಇಲ್ಲೇ ಉತ್ತರ ಸಿಕ್ಕಿತು. ಮೊಬೈಲ್ ಹಾಟ್‌ಸ್ಪಾಟ್‌ನ ನಂಬರುಗಳೇ ಬೇರೆ. ಎಷ್ಟೋ ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ 192.168.43ರಿಂದ ಶುರುವಾಗುತ್ತವೆ, ಐಫೋನ್‌ನಲ್ಲಿ 172.20.10ರಿಂದ. ನಮ್ಮ ಪ್ರಿಂಟರ್ ಅಲ್ಲೂ ಹೋಗಿ 192.168.1.50 ಅಂತ ಹಟ ಹಿಡಿದು ಕೂತಿತ್ತು. ಹಾಟ್‌ಸ್ಪಾಟ್ ಪರೀಕ್ಷೆ ಒಳ್ಳೆಯ ಪರೀಕ್ಷೆಯೇ. ಆದರೆ ಸ್ಟ್ಯಾಟಿಕ್ ಐಪಿ ಇರುವ ಪ್ರಿಂಟರಿಗೆ ಅದನ್ನು ಮಾಡಿ ಬೋರ್ಡ್ ಹೋಗಿದೆ ಅನ್ನುವುದು ಸರಿಯಲ್ಲ.

ಸ್ಟ್ಯಾಟಿಕ್ ಐಪಿ ಕೊಟ್ಟವನು ಪ್ರಿಂಟರ್ ಮಾರಿದ ಅಂಗಡಿಯವನು. ಅವನದೂ ತಪ್ಪಲ್ಲ. ಕರೆಂಟ್ ಹೋಗಿಬಂದಾಗೆಲ್ಲ ಪ್ರಿಂಟರಿನ ಐಪಿ ಬದಲಾದರೆ ವಿಂಡೋಸ್ 'ಆಫ್‌ಲೈನ್' ಅನ್ನುತ್ತದೆ, ಗಿರಾಕಿ ಫೋನ್ ಮಾಡುತ್ತಾನೆ. ಅದಕ್ಕೆ ಎಲ್ಲರೂ ಹೀಗೇ ಮಾಡುತ್ತಾರೆ. ನಾನು ಪ್ರಿಂಟರಿನಲ್ಲಿ ಆಟೋ ಅಂತ ಇಟ್ಟು, ರೂಟರಿನ ಡಿಎಚ್‌ಸಿಪಿ (ತಾನೇ ಐಪಿ ಹಂಚುವ ವ್ಯವಸ್ಥೆ) ಪುಟದಲ್ಲಿ ಪ್ರಿಂಟರಿನ ಮ್ಯಾಕ್ ಅಡ್ರೆಸ್‌ಗೆ (ಯಂತ್ರದ ಹುಟ್ಟು ನಂಬರಿಗೆ) ಅದೇ 50ನೇ ನಂಬರನ್ನು ಕಾಯ್ದಿರಿಸಿದೆ. ಈಗ ಐಪಿಯೂ ಬದಲಾಗುವುದಿಲ್ಲ. ನಾಳೆ ರೂಟರ್ ಬದಲಾಯಿಸಿದರೂ ಗೇಟ್‌ವೇ, ಡಿಎನ್‌ಎಸ್ ಹೊಸದೇ ಸಿಗುತ್ತವೆ.

ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಅಪ್‌ಡೇಟ್ ಇನ್ನೂ ಆಗಲಿಲ್ಲ. ಆದರೆ ಬೈಗುಳ ಬದಲಾಯಿತು. ಮೊದಲು ಸರ್ವರ್ ಸಿಗಲಿಲ್ಲ ಎನ್ನುತ್ತಿದ್ದ ಲಾಗ್ ಈಗ ಸರ್ಟಿಫಿಕೇಟ್ ಸರಿಯಿಲ್ಲ ಎಂದಿತು. ನನಗೆ ಖುಷಿಯೇ ಆಯಿತು. ಎರರ್ ಬದಲಾಯಿತು ಅಂದರೆ ಒಂದು ಗೋಡೆ ದಾಟಿದ್ದೇವೆ ಅಂತ ಅರ್ಥ. (ಲಾಗ್ ಪರದೆಯ ಮೇಲೆ ಕಾಣುವುದಿಲ್ಲ. ಪ್ರಿಂಟರಿನ ಐಪಿಯನ್ನು ಬ್ರೌಸರಿನಲ್ಲಿ ಹಾಕಿದರೆ ಅದರದೇ ಒಂದು ಪುಟ ತೆರೆಯುತ್ತದೆ, ಅಲ್ಲಿ ಸಿಗುತ್ತದೆ.)

ಅದೇ ಪುಟದಲ್ಲಿ ತಾರೀಖು ನೋಡಿದೆ. 2014ರ ಜನವರಿ 1. ಎಷ್ಟೋ ಪ್ರಿಂಟರುಗಳು ಕರೆಂಟ್ ಪೂರ್ತಿ ಹೋದರೆ ಗಡಿಯಾರವನ್ನು ಮರೆತುಬಿಡುತ್ತವೆ. ಮಾಮೂಲಿ ಪ್ರಿಂಟಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಅಪ್‌ಡೇಟ್ ಸರ್ವರ್ ಜೊತೆಗಿನ ಮಾತುಕತೆಗೆ ಬೀಗ ಇರುತ್ತದೆ, ಆ ಬೀಗದ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. 2014ರಲ್ಲಿ ಕೂತಿರುವ ಪ್ರಿಂಟರಿಗೆ ಈಗಿನ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ! ನೆಟ್‌ನಿಂದ ಸಮಯ ತಗೊಳ್ಳುವ ಎಸ್‌ಎನ್‌ಟಿಪಿ ಅನ್ನುವುದನ್ನು ಆನ್ ಮಾಡಿ, ಸರ್ವರ್ ಹೆಸರಿಗೆ ಪೂಲ್ ಡಾಟ್ ಎನ್‌ಟಿಪಿ ಡಾಟ್ ಆರ್ಗ್ ಹಾಕಿ, ಟೈಮ್ ಝೋನ್ 5:30 ಮಾಡಿದೆ. ಗಡಿಯಾರ ತಾನೇ ಸರಿಹೋಯಿತು.

ಎರರ್ ಮತ್ತೆ ಬದಲಾಯಿತು, ಸುರಕ್ಷಿತ ಸಂಪರ್ಕ ಸಾಧ್ಯವಿಲ್ಲವಂತೆ. ಈ ಸಲ ಪ್ರಿಂಟರಿನಲ್ಲಿ ಏನೂ ಮುಟ್ಟದೆ ಕಂಪನಿಯ ಪುಟಕ್ಕೆ ಹೋಗಿ ಆ ಫರ್ಮ್‌ವೇರಿನ ರಿಲೀಸ್ ನೋಟ್ಸ್ ಓದಿದೆ. ಯಾರೂ ಓದದ ಸಾಹಿತ್ಯ ಅದು. ಹೊಸ ಆವೃತ್ತಿಯಲ್ಲಿ ಟಿಎಲ್‌ಎಸ್ 1.2 (ಮೇಲೆ ಹೇಳಿದ ಬೀಗದ ಈಚಿನ ನಮೂನೆ) ಸೇರಿಸಿದ್ದೇವೆ, ತೀರಾ ಹಳೆಯ ಆವೃತ್ತಿ ಇರುವವರು ಯುಎಸ್‌ಬಿ ಮೂಲಕವೇ ಹಾಕಿಕೊಳ್ಳಿ ಅಂತ ಇತ್ತು. ಟಿಎಲ್‌ಎಸ್ 1.0, 1.1 ಎರಡನ್ನೂ 2021ರ ಮಾರ್ಚ್‌ನಲ್ಲಿ ಅಧಿಕೃತವಾಗಿ ಕೈಬಿಡಲಾಗಿದೆ. ಸರ್ವರುಗಳು ಒಂದೊಂದಾಗಿ ಅವನ್ನು ನಿಲ್ಲಿಸುತ್ತಾ ಬಂದಿವೆ. ಹೊಸ ಬೀಗದ ಕೀಲಿ ಇರುವುದು ಹೊಸ ಫರ್ಮ್‌ವೇರಿನಲ್ಲಿ, ಅದನ್ನು ತರಬೇಕಾದರೆ ಮೊದಲು ಆ ಬೀಗ ತೆಗೆಯಬೇಕು. ನೆಟ್ ಮೇಲೆ ಎಷ್ಟು ಸಲ ಒತ್ತಿದ್ದರೂ ಆಗುತ್ತಿರಲಿಲ್ಲ. ನಮ್ಮ ಸ್ಕ್ಯಾನ್-ಟು-ಮೇಲ್ ಕೂಡ ಇದೇ ಬೀಗದ ಮುಂದೆ ನಿಂತಿತ್ತು.

ಜಿಮೇಲ್ ಮೂಲಕ ಸ್ಕ್ಯಾನ್ ಕಳಿಸುವವರಿಗೆ ಇನ್ನೊಂದು ಮಾತು. 2022ರ ಮೇ 30ರಿಂದ ಗೂಗಲ್ ಮಾಮೂಲಿ ಪಾಸ್‌ವರ್ಡ್ ಮಾತ್ರ ಕೊಡುವ ಇಂಥ ಯಂತ್ರಗಳನ್ನು ಒಳಗೆ ಬಿಡುತ್ತಿಲ್ಲ. ಗೂಗಲ್ ಖಾತೆಯಲ್ಲಿ ಟು-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತಗೊಂಡು ಅದನ್ನೇ ಪ್ರಿಂಟರಿಗೆ ಹಾಕಬೇಕು. ಇದಕ್ಕೂ ಫರ್ಮ್‌ವೇರಿಗೂ ಸಂಬಂಧವಿಲ್ಲ, ಆದರೂ ಜನ ಎರಡನ್ನೂ ಕಲಸಿಕೊಂಡು ಒದ್ದಾಡುತ್ತಾರೆ.

ಯುಎಸ್‌ಬಿಗೆ ಹೋಗುವ ಮುಂಚೆ ಒಂದು ಭಯ ಇತ್ತು. ಟೋನರ್. ನಮ್ಮ ಕಡೆ ಒರಿಜಿನಲ್ ಕಾರ್ಟ್ರಿಜ್ ಮತ್ತೆ ಮತ್ತೆ ಕೊಳ್ಳುವವರು ಎಷ್ಟು ಜನ ಹೇಳಿ? ನಾನೂ ರೀಫಿಲ್ ಗಿರಾಕಿಯೇ. ಕೆಲವು ಫರ್ಮ್‌ವೇರುಗಳು ಬೇರೆಯವರ ಕಾರ್ಟ್ರಿಜ್ ಚಿಪ್ಪನ್ನು ಒಪ್ಪುವುದಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಎಚ್‌ಪಿಯ ಕೆಲವು ಆಫೀಸ್‌ಜೆಟ್ ಮಾಡೆಲ್‌ಗಳು ಇದ್ದಕ್ಕಿದ್ದಂತೆ ಬೇರೆ ಕಂಪನಿಯ ಕಾರ್ಟ್ರಿಜ್ ಬೇಡ ಎಂದವು. ತಿಂಗಳುಗಳ ಹಿಂದೆ ಹಾಕಿದ್ದ ಫರ್ಮ್‌ವೇರ್ ಅಂದು ಎಚ್ಚರವಾಗಿತ್ತು. ಗಲಾಟೆ ಆದ ಮೇಲೆ ಕಂಪನಿ ಆ ತಡೆ ಇಲ್ಲದ ಫರ್ಮ್‌ವೇರ್ ಕೊಟ್ಟಿತು. 2023ರ ಮೇ ತಿಂಗಳಲ್ಲಿ ಅದೇ ಕಂಪನಿಯ ಕೆಲವು ಆಫೀಸ್‌ಜೆಟ್ ಪ್ರೊ ಪ್ರಿಂಟರುಗಳು ಅಪ್‌ಡೇಟ್ ಆದ ಮೇಲೆ ನೀಲಿ ಪರದೆ ತೋರಿಸುತ್ತಾ ಕೂತವು. ನನ್ನದು ಬೇರೆ ಕಂಪನಿಯದು. ಆದರೂ ಸ್ವಲ್ಪ ಟೋನರ್ ಉಳಿದಿದ್ದ ಹಳೆಯ ಒರಿಜಿನಲ್ ಕಾರ್ಟ್ರಿಜನ್ನು ಬೀರುವಿನಿಂದ ತೆಗೆದು ಪಕ್ಕದಲ್ಲಿ ಇಟ್ಟುಕೊಂಡೆ.

ಇನ್ನು ಕರೆಂಟ್. ಫರ್ಮ್‌ವೇರ್ ಬರೆಯುವಾಗ ನಡುವೆ ಕರೆಂಟ್ ಹೋದರೆ ಆ ಹುಡುಗ ಹೇಳಿದ್ದು ನಿಜವಾಗುವ ಸಾಧ್ಯತೆ ಇದೆ, ಬೋರ್ಡೇ ಹೋಗಬಹುದು. ಹಾಗಂತ ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಹಾಕುವ ಹಾಗಿಲ್ಲ. ಒಳಗಿನ ಫ್ಯೂಸರ್ (ಟೋನರನ್ನು ಕಾಗದಕ್ಕೆ ಅಂಟಿಸುವ ಭಾಗ) ಬಿಸಿಯಾಗುವಾಗ ಒಮ್ಮೆಲೇ ಕರೆಂಟ್ ಜಾಸ್ತಿ ಎಳೆಯುತ್ತದೆ, ಯುಪಿಎಸ್ ಕಿರುಚಿ ಆಫ್ ಆಗುತ್ತದೆ. ನಾನು ಮಾಡಿದ್ದು ಸುಲಭ. ಪೇಪರಿನಲ್ಲಿ 'ವಿದ್ಯುತ್ ವ್ಯತ್ಯಯ' ಅಂತ ಬರುತ್ತಲ್ಲ, ಅದರಲ್ಲಿ ನಮ್ಮ ಬಡಾವಣೆ ಇಲ್ಲದ ದಿನ ನೋಡಿದೆ. ಮಳೆ-ಗಾಳಿ ಇಲ್ಲದ ಬೆಳಿಗ್ಗೆ ಕೂತೆ.

ಫೈಲ್ ಇಳಿಸುವಾಗ ಮಾಡೆಲ್ ನಂಬರಿನ ಕೊನೆಯ ಅಕ್ಷರಗಳನ್ನು ಪ್ರಿಂಟರಿನ ಹಿಂದಿನ ಸ್ಟಿಕ್ಕರ್ ಜೊತೆ ಹೋಲಿಸಿ ನೋಡಿ. ಕೊನೆಗೆ ಎನ್ ಇರುವ ಮಾಡೆಲ್ ಬೇರೆ, ಡಬ್ಲ್ಯೂ ಇರುವುದು ಬೇರೆ. ಕೇಬಲನ್ನು ಯುಎಸ್‌ಬಿ ಹಬ್‌ಗೆ ಹಾಕಬೇಡಿ, ನೇರ ಲ್ಯಾಪ್‌ಟಾಪಿಗೆ ಹಾಕಿ. ನನ್ನ ಅಪ್‌ಡೇಟರ್ ಮೊದಲು ಪ್ರಿಂಟರೇ ಇಲ್ಲ ಅಂದಿತು. ವಿಂಡೋಸ್‌ನಲ್ಲಿ ಇದ್ದದ್ದು ವೈಫೈ ಮೂಲಕ ಸೇರಿಸಿದ ಪ್ರಿಂಟರ್ ಮಾತ್ರ. ಯುಎಸ್‌ಬಿ ಪ್ರಿಂಟರಾಗಿ ಇನ್ನೊಮ್ಮೆ ಇನ್‌ಸ್ಟಾಲ್ ಮಾಡಿದ ಮೇಲೆ ಕಾಣಿಸಿತು. ಕ್ಯೂನಲ್ಲಿ ಸಿಕ್ಕಿಕೊಂಡಿದ್ದ ಹಳೆಯ ಪ್ರಿಂಟುಗಳನ್ನು ಅಳಿಸಿ, ಆ ಕ್ಯೂ ನೋಡಿಕೊಳ್ಳುವ ವಿಂಡೋಸ್‌ನ ಪ್ರಿಂಟ್ ಸ್ಪೂಲರನ್ನು ರೀಸ್ಟಾರ್ಟ್ ಮಾಡಿದೆ. ಲ್ಯಾಪ್‌ಟಾಪ್, ಪ್ರಿಂಟರ್ ಎರಡರದೂ ಸ್ಲೀಪ್ ಆಫ್ ಮಾಡಿದೆ. ವೈಫೈ ಪಾಸ್‌ವರ್ಡ್, ಸ್ಕ್ಯಾನ್ ವಿಳಾಸಗಳು ಇರುವ ಸೆಟ್ಟಿಂಗ್ ಪುಟಗಳ ಫೋಟೋ ತೆಗೆದಿಟ್ಟೆ.

ನೂರು ಪರ್ಸೆಂಟ್ ಆದಮೇಲೆ ಪರದೆ ಪೂರ್ತಿ ಕಪ್ಪಾಗಿ ಸುಮಾರು ಹೊತ್ತು ಹಾಗೇ ಇತ್ತು. ಮನೆಯವಳು ಬಾಗಿಲಲ್ಲಿ ನಿಂತು, "ಆಫ್ ಮಾಡಿ ಆನ್ ಮಾಡ್ರಿ" ಅಂದಳು. ಸ್ವಿಚ್ಚಿನ ಹತ್ತಿರ ಯಾರನ್ನೂ ಬಿಡಲಿಲ್ಲ. ಆ ಕತ್ತಲಲ್ಲೇ ಅದು ತನ್ನ ಫ್ಲ್ಯಾಶ್ ಮೆಮರಿಯನ್ನು ಬರೆದುಕೊಳ್ಳುತ್ತಿರುತ್ತದೆ. ಆಮೇಲೆ ತಾನೇ ಎದ್ದಿತು. ಹೊಸ ಆವೃತ್ತಿ ಬಂದಿತ್ತು. ಸ್ಕ್ಯಾನ್ ಮೇಲ್‌ಗೆ ಹೋಯಿತು. ರೀಫಿಲ್ ಟೋನರಿಗೆ 'ಒರಿಜಿನಲ್ ಅಲ್ಲ' ಅಂತ ಗೊಣಗುತ್ತದೆ, ಓಕೆ ಒತ್ತಿದರೆ ಪ್ರಿಂಟ್ ಕೊಡುತ್ತದೆ.

ಆಟೋ-ಅಪ್‌ಡೇಟ್ ಆಫ್ ಮಾಡಿದ್ದೇನೆ. ಹಾಗಂತ ಅಪ್‌ಡೇಟೇ ಬೇಡ ಅನ್ನುವವನಲ್ಲ. 2025ರ ಜೂನ್‌ನಲ್ಲಿ ರ‍್ಯಾಪಿಡ್7 ಎಂಬ ಸೈಬರ್ ಭದ್ರತಾ ಸಂಸ್ಥೆಯವರು ಬ್ರದರ್ ಮತ್ತಿತರ ಕಂಪನಿಗಳ 748 ಮಾಡೆಲ್‌ಗಳಲ್ಲಿ ಲೋಪಗಳಿವೆ ಅಂತ ಹೊರಹಾಕಿದರು. ಅದರಲ್ಲಿ ಒಂದು, ಸೀರಿಯಲ್ ನಂಬರ್ ಗೊತ್ತಿದ್ದರೆ ಕಾರ್ಖಾನೆಯಲ್ಲಿ ಕೊಟ್ಟ ಅಡ್ಮಿನ್ ಪಾಸ್‌ವರ್ಡನ್ನು ಲೆಕ್ಕ ಹಾಕಿ ತೆಗೆಯಬಹುದಾದಂಥದ್ದು. ಈಗಾಗಲೇ ತಯಾರಾಗಿದ್ದ ಯಂತ್ರಗಳಲ್ಲಿ ಅದನ್ನು ಫರ್ಮ್‌ವೇರಿನಿಂದ ಪೂರ್ತಿ ಸರಿಪಡಿಸಲು ಆಗುವುದಿಲ್ಲ. ಪಾಸ್‌ವರ್ಡನ್ನು ನಾವೇ ಬದಲಾಯಿಸಬೇಕು. ಬೇರೆಯವರ ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಈ ಗಾಜಿನ ಮೇಲೆ ಮಲಗಿ ಎದ್ದು ಹೋಗುತ್ತವೆ. ಆ ದಿನವೇ ಪಾಸ್‌ವರ್ಡ್ ಬದಲಾಯಿಸಿದೆ. ಇನ್ನು ಮುಂದೆ ಹೊಸ ಆವೃತ್ತಿ ಬಂದರೆ ನೋಟ್ಸ್ ಓದಿ, 20ನೇ ತಾರೀಖು ದಾಟಿದ ಮೇಲೆ ಕೈಹಾಕುವುದು.

ಒಂದು ಉಳಿದಿದೆ. ಗಿರಾಕಿಗಳು ತಮ್ಮ ಮೊಬೈಲಿನಿಂದ ಪ್ರಿಂಟ್ ಕೊಟ್ಟರೆ ಪ್ರಿಂಟರ್ ಕಾಣುವುದಿಲ್ಲ. ಅವರು ಗೆಸ್ಟ್ ವೈಫೈನಲ್ಲಿರುತ್ತಾರೆ, ಪ್ರಿಂಟರ್ ಒಳಗಿನದರಲ್ಲಿ ಇದೆ, ಎರಡರ ನಡುವೆ ರೂಟರ್ ಅಡ್ಡ ನಿಂತಿರುತ್ತದೆ. ಅದನ್ನು ತೆಗೆಯುವ ಸೆಟ್ಟಿಂಗ್ ಸಿಕ್ಕಿದೆ, ಆದರೆ ತೆಗೆಯಲಿಲ್ಲ. ಅವರು ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ನಾನು ಪ್ರಿಂಟ್ ತೆಗೆದುಕೊಡುತ್ತೇನೆ.