ಬಾಡಿಗೆ ಮನೆ: ಯಾವ ರಿಪೇರಿಗೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ?

ಬಾಡಿಗೆದಾರರು ಮನೆ ಖಾಲಿ ಮಾಡಿದ ತಕ್ಷಣ ಓನರ್‌ಗಳು ಹಾಕುವುದು ಒಂದೇ ಲೆಕ್ಕ. ಇಷ್ಟು ಖರ್ಚು ಮಾಡಿದರೆ ಬಾಡಿಗೆ ಎಷ್ಟು ಏರಿಸಬಹುದು? ನನ್ನನ್ನು ಕೇಳಿದರೆ ಆ ಲೆಕ್ಕವೇ ತಲೆಕೆಳಗು. ಬೆಂಗಳೂರಿನಲ್ಲಿ 18,000 ರೂಪಾಯಿಗೆ ಕೊಟ್ಟ ಎರಡು ಬೆಡ್‌ರೂಮಿನ ಮನೆ ಅಂದುಕೊಳ್ಳಿ. 11 ತಿಂಗಳ ಕರಾರು ಮುಗಿದ ಮೇಲೆ 5 ಪರ್ಸೆಂಟ್ ಏರಿಸಿದರೆ ತಿಂಗಳಿಗೆ ಸಿಗುವುದು 900. ಒಂದೇ ಒಂದು ತಿಂಗಳು ಟು-ಲೆಟ್ ಬೋರ್ಡ್ ನೇತಾಡಿದರೆ 18,000 ಹೋಯಿತು, ಅದನ್ನು ಆ 900ರಲ್ಲಿ ತುಂಬಿಕೊಳ್ಳಲು 20 ತಿಂಗಳು ಬೇಕು. ಹಾಗಾಗಿ ಜನ ಯಾಕೆ ಬಿಟ್ಟು ಹೋಗುತ್ತಾರೋ ಅದನ್ನು ಮೊದಲು ಸರಿ ಮಾಡಿ.

ಹೆಜ್ಜೆ 1: ತೇವ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ

ಗೋಡೆ ಉಬ್ಬಿದೆ, ಬಣ್ಣ ಚಕ್ಕೆ ಏಳುತ್ತಿದೆ ಅಂದ ಕೂಡಲೇ ಪೇಂಟರ್‌ಗೆ ಫೋನ್ ಮಾಡುವವರೇ ಜಾಸ್ತಿ. ಒದ್ದೆ ಗೋಡೆ ಮೇಲೆ ಎಷ್ಟೇ ಒಳ್ಳೆ ಬಣ್ಣ ಹೊಡೆದರೂ ನಿಲ್ಲುವುದಿಲ್ಲ. ಮಳೆ ಬಂದಾಗ ಮಾತ್ರ ತಾರಸಿಯ ಕೆಳಗೆ ತೇವ ಕಂಡರೆ ಸಮಸ್ಯೆ ಮೇಲಿದೆ. ಮಳೆಯಿಲ್ಲದಾಗಲೂ ಬಾತ್‌ರೂಮಿಗೆ ಅಂಟಿದ ಗೋಡೆ ಒದ್ದೆ ಇದ್ದರೆ ಟೈಲ್ಸ್ ಸಂದಿನಲ್ಲೋ ಒಳಗಿನ ಪೈಪಿನಲ್ಲೋ ಸೋರುತ್ತಿದೆ. ಪತ್ತೆ ಮಾಡುವುದು ಸುಲಭ. ಬಾತ್‌ರೂಮಿನ ಜಾಲಿಗೆ ಬಟ್ಟೆ ಬಿಗಿದು ಎರಡು ಇಂಚು ನೀರು ನಿಲ್ಲಿಸಿ, ಒಂದು ದಿನ ಬಿಟ್ಟು ಕೆಳಗಿನ ಮನೆಯ ಸೀಲಿಂಗ್ ನೋಡಿ. ಅಲ್ಲಿ ಕಲೆ ಬಂದರೆ ನೆಲದ ಕಡೆಯೇ ಸೋರಿಕೆ. ಬರದಿದ್ದರೆ ಪ್ಲಂಬರ್ ಕರೆಸಿ ಗೋಡೆಯೊಳಗಿನ ಪೈಪನ್ನು ಪ್ರೆಷರ್ ಕೊಟ್ಟು ಪರೀಕ್ಷೆ ಮಾಡಿಸಿ. ಹಳೆ ಮನೆಗಳಲ್ಲಿ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್, ಒಳಗಿಂದ ತುಕ್ಕು ಹಿಡಿದಿರುತ್ತದೆ. ಒಂದು ಕಡೆ ಒಡೆದರೆ ಇನ್ನೊಂದು ಕಡೆ ಒಡೆಯಲು ಬಹಳ ದಿನ ಬೇಕಾಗಿಲ್ಲ, ಹಾಗಾಗಿ ತೇಪೆ ಹಾಕುವ ಬದಲು ಆ ಲೈನನ್ನೇ ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪಿಗೆ ಬದಲಿಸಿ.

ಮುಂಗಾರಿಗೆ ಮುಂಚೆ, ಅಂದರೆ ಮೇ ಒಳಗೆ, ತಾರಸಿಯ ನೀರು ಹೋಗುವ ಬಾಯಿಗಳನ್ನು ಕ್ಲೀನ್ ಮಾಡಿಸಿ. ಎಲೆ ಕಸ ಕಟ್ಟಿಕೊಂಡು ನೀರು ನಿಂತೇ ಎಷ್ಟೋ ತಾರಸಿಗಳು ಸೋರುತ್ತವೆ. ಇದಕ್ಕೆ ಖರ್ಚೇ ಇಲ್ಲ, ಆದರೂ ಯಾರೂ ಮಾಡುವುದಿಲ್ಲ ನೋಡಿ.

ಹೆಜ್ಜೆ 2: ಕರೆಂಟು

ಲೋಡ್ ಜಾಸ್ತಿಯಾದಾಗ ತಾನೇ ಆಫ್ ಆಗುವ ಸ್ವಿಚ್, ಅಂದರೆ ಎಂಸಿಬಿ, ಇದೆಯಲ್ಲ, ಸಾಕು ಅಂದುಕೊಳ್ಳಬೇಡಿ. ಎಂಸಿಬಿ ಕಾಪಾಡುವುದು ವೈರನ್ನು, ಮನುಷ್ಯರನ್ನಲ್ಲ. ಶಾಕ್ ಹೊಡೆದಾಗ ಕರೆಂಟ್ ಕಟ್ ಮಾಡುವುದು ಆರ್‌ಸಿಸಿಬಿ, ಮನೆಗೆ 30 ಮಿಲಿಆಂಪ್ ಸೋರಿದರೇ ಕಟ್ ಆಗುವಂಥದ್ದು ಹಾಕಿಸಿ. ಜೊತೆಗೆ ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಇಟ್ಟು ನೋಡಿಸಿ. 2,000 ವಾಟ್ ಗೀಸರ್ ಸುಮಾರು 9 ಆಂಪ್ ಎಳೆಯುತ್ತದೆ. ಅದಕ್ಕೆ 16 ಆಂಪ್ ಸಾಕೆಟ್, ತಕ್ಕ ದಪ್ಪದ ಬೇರೆ ವೈರ್ ಇರಲೇಬೇಕು. ಇದರಿಂದ ಬಾಡಿಗೆ ಒಂದು ರೂಪಾಯಿಯೂ ಏರುವುದಿಲ್ಲ, ಆದರೆ ಇಲ್ಲಿ ಚೌಕಾಸಿ ಮಾತ್ರ ಬೇಡ.

ಬೋರ್‌ವೆಲ್ ನೀರಿನ ಮನೆಯಾದರೆ ಗೀಸರ್ ಸ್ವಲ್ಪ ಜಾಸ್ತಿ ಗಮನ ಕೇಳುತ್ತದೆ. ಗಡಸು ನೀರಿನ ಉಪ್ಪು ಕಾಯಿಸುವ ಕಾಯಿಲ್ ಮೇಲೆ ಕಟ್ಟಿಕೊಂಡು ಬಿಲ್ ಏರುತ್ತದೆ, ಆಮೇಲೆ ಕಾಯಿಲೇ ಸುಟ್ಟುಹೋಗುತ್ತದೆ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವ ಆನೋಡ್ ರಾಡ್ ಕೂಡ ಒಳಗಿರುತ್ತದೆ. ಸರ್ವಿಸ್ ಮಾಡಿಸುವಾಗ ಅದನ್ನೂ ಬದಲಿಸಿ ಅಂತ ಹೇಳಿ. ಕೇಳದಿದ್ದರೆ ಸುಮ್ನೆ ಬಿಟ್ಟು ಹೋಗುವವರೂ ಇದ್ದಾರೆ.

ಹೆಜ್ಜೆ 3: ಆಸೆಯ ಖರ್ಚಿಗೆ ಭಾಗಾಕಾರ ಮಾಡಿ

ಇನ್ನು ಮಾಡ್ಯುಲರ್ ಕಿಚನ್. 80,000 ಹಾಕಿ ತಿಂಗಳಿಗೆ 1,500 ಜಾಸ್ತಿ ಬಂದರೂ ಅಸಲು ವಾಪಸ್ ಬರಲು ಸುಮಾರು 53 ತಿಂಗಳು. ಅಷ್ಟರಲ್ಲಿ ಮೂರು ಸಂಸಾರ ಬಂದು ಹೋಗಿ ಶಟರ್‌ನ ಕೀಲುಗಳೂ ಕಿತ್ತಿರುತ್ತವೆ. ಎರಡು ವರ್ಷದೊಳಗೆ ಅಸಲು ಹುಟ್ಟದ ಖರ್ಚು ಬೇಡ ಅನ್ನುವುದು ನನ್ನ ಗೆರೆ. ಫಾಲ್ಸ್ ಸೀಲಿಂಗ್, ವಾಲ್‌ಪೇಪರ್, ಬಣ್ಣಬಣ್ಣದ ಲೈಟು ಎಲ್ಲ ಈ ಗೆರೆಯ ಆಚೆಗೆ. ಆದರೆ ಕಿಟಕಿಗೆ ಸೊಳ್ಳೆ ಜಾಲರಿ, ಬಟ್ಟೆ ಒಣಗಿಸಲು ಜಾಗ, ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್, ಬೆಡ್‌ರೂಮಿಗೆ ಒಂದು ಗಟ್ಟಿ ಕಪಾಟು? ಕಣ್ಣು ಮುಚ್ಚಿ ಹಾಕಿಸಿ. ಮನೆ ನೋಡಲು ಬಂದವರು ಮೊದಲು ಕೇಳುವುದೇ ಇವನ್ನು, ಅಲ್ವಾ?

ಬಣ್ಣವನ್ನು ಮನೆ ಖಾಲಿಯಾದಾಗ ಮಾತ್ರ ಹೊಡೆಸಿ. ತಿಳಿ ಬಣ್ಣ, ಒರೆಸಬಹುದಾದ ಎಮಲ್ಷನ್, ಎಲ್ಲ ರೂಮಿಗೂ ಒಂದೇ ಶೇಡ್ ಇರಲಿ, ಆ ಶೇಡಿನ ನಂಬರ್ ಬರೆದಿಟ್ಟುಕೊಳ್ಳಿ. ಆಗ ಮುಂದಿನ ಸಲ ಕಲೆ ಇರುವ ಗೋಡೆ ಒಂದಕ್ಕೇ ಹೊಡೆಸಿದರೆ ಸಾಕಾಗುತ್ತದೆ.

ಹೆಜ್ಜೆ 4: ಯಾರ ಖರ್ಚು ಅಂತ ಬರೆದಿಡಿ

ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ಇದನ್ನು ಚೆನ್ನಾಗಿ ವಿಂಗಡಿಸಿದೆ. ಕಟ್ಟಡದ ರಿಪೇರಿ, ಸುಣ್ಣಬಣ್ಣ, ಪೈಪ್ ಬದಲಿಸುವುದು, ವೈರಿಂಗ್ ಓನರ್ ಪಾಲು. ನಲ್ಲಿ ಮತ್ತು ವಾಷರ್, ಗೀಸರ್ ರಿಪೇರಿ, ಸ್ವಿಚ್, ಬೀಗ, ಕಿಟಕಿ ಗಾಜು ಬಾಡಿಗೆದಾರರ ಪಾಲು. ಮಾದರಿ ಕಾಯ್ದೆ ತಾನಾಗಿ ಎಲ್ಲ ರಾಜ್ಯಕ್ಕೂ ಲಾಗು ಆಗುವುದಿಲ್ಲ, ಆದರೆ ಆ ಪಟ್ಟಿಯನ್ನು ನಿಮ್ಮ ಕರಾರಿನಲ್ಲಿ ಸೇರಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಖಾಲಿ ಮಾಡುವಾಗ ಬಣ್ಣಕ್ಕೆ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಬೆಂಗಳೂರಿನ ಪದ್ಧತಿ ಇದಕ್ಕೆ ಪೂರ್ತಿ ಉಲ್ಟಾ. ಹಾಗೆ ಮುರಿದುಕೊಂಡ ಮೇಲೆ ಬಣ್ಣವನ್ನಾದರೂ ಹೊಡೆಸಿ!

ಹೆಜ್ಜೆ 5: ತೆರಿಗೆ ನೋಡಿಕೊಳ್ಳಿ

ರಿಪೇರಿ ಮಾಡಿಸಿದರೆ ತೆರಿಗೆ ಉಳಿಯುತ್ತದೆ ಅಂತ ಕೆಲವರು ಹೇಳುತ್ತಾರೆ. ಹಾಗೇನಿಲ್ಲ. ವರ್ಷದ ಬಾಡಿಗೆ 2,16,000, ಕಟ್ಟಿದ ಆಸ್ತಿ ತೆರಿಗೆ 6,000 ಅಂದುಕೊಂಡರೆ ಉಳಿಯುವುದು 2,10,000. ಅದರಲ್ಲಿ 30 ಪರ್ಸೆಂಟ್, ಅಂದರೆ 63,000 ರೂಪಾಯಿ, ನೀವು ಒಂದು ಮೊಳೆ ಹೊಡೆಸದಿದ್ದರೂ ತೆರಿಗೆ ಬೀಳುವ ಆದಾಯದಿಂದ ಕಳೆಯುತ್ತಾರೆ. ಲಕ್ಷ ಖರ್ಚು ಮಾಡಿದರೂ ಕಳೆಯುವುದು ಅಷ್ಟೇ. ಆದರೆ ರೂಮ್ ಕಟ್ಟಿಸಿದಂಥ ದೊಡ್ಡ ಕೆಲಸದ ಬಿಲ್‌ಗಳನ್ನು ಎಸೆಯಬೇಡಿ. ಮುಂದೆ ಮನೆ ಮಾರಿದಾಗ ಲಾಭದ ಲೆಕ್ಕದಲ್ಲಿ ಅವನ್ನು ತೋರಿಸಬಹುದು.