ತಪ್ಪೆಲ್ಲ ಒಂದೇ ಸಲ ಹೇಳುವ ಸೆಟ್ಟಿಂಗ್ಸ್ ಲೈಬ್ರರಿ

ದಾವಣಗೆರೆ ಸುತ್ತಮುತ್ತ ಮೆಕ್ಕೆಜೋಳದ ಲಾರಿ ತೂಗುವ ವೇ ಬ್ರಿಡ್ಜ್‌ಗಳಿಗೆ ನಾನು ಸಾಫ್ಟ್‌ವೇರ್ ಬರೆದುಕೊಡುತ್ತೇನೆ. ಪ್ರೋಗ್ರಾಮಿಂಗ್ ಭಾಷೆ ಹ್ಯಾಸ್ಕೆಲ್. ಒಂದೊಂದು ಕಡೆ ಒಂದೊಂದು ಸೆಟ್ಟಿಂಗ್: ತೂಕದ ಯಂತ್ರ ಯಾವ ಪೋರ್ಟ್‌ನಲ್ಲಿದೆ, ಬಾಡ್ ರೇಟ್ (ಯಂತ್ರ ಮಾಹಿತಿ ಕಳಿಸುವ ವೇಗ) 9600ಓ 2400ಓ, ಚೀಟಿ ಯಾವ ಪ್ರಿಂಟರ್‌ಗೆ ಹೋಗಬೇಕು. ಇದನ್ನೆಲ್ಲ ಫೈಲ್‌ನಲ್ಲಿ ತುಂಬುವವರು ಅಲ್ಲಿ ಕೂತು ಚೀಟಿ ಕೊಡುವ ಹುಡುಗರು. ಹೊರಗೆ ಲಾರಿ ಸಾಲು ನಿಂತಿರುತ್ತದೆ. ಆಗ ಫೋನ್ ಬರುತ್ತದೆ: "ಅಣ್ಣಾ, ಅದನ್ನ ಸರಿ ಮಾಡಿದ್ರೆ ಈಗ ಇನ್ನೊಂದು ತಪ್ಪು ಅಂತೈತಿ."

ಅದಕ್ಕೇ ಈ ಸೆಟ್ಟಿಂಗ್ ಫೈಲ್ ಓದಿ ಪರೀಕ್ಷಿಸುವ ನನ್ನದೇ ಲೈಬ್ರರಿ (ಪ್ರೋಗ್ರಾಂಗಳಲ್ಲಿ ಮತ್ತೆ ಮತ್ತೆ ಬಳಸುವ ಸಿದ್ಧ ಕೋಡ್) ಬರೆಯಲು ಕೂತಾಗ ಒಂದೇ ಹಟ ಇತ್ತು. ಇರುವ ತಪ್ಪೆಲ್ಲ ಒಟ್ಟಿಗೆ ತೋರಿಸಬೇಕು.

ಹ್ಯಾಸ್ಕೆಲ್‌ನಲ್ಲಿ ಕೈ ಮೊದಲು ಹೋಗುವುದು ಮೊನಾಡ್ ಕಡೆಗೆ, ಅಂದರೆ ಹೆಜ್ಜೆಗಳನ್ನು ಒಂದರ ಹಿಂದೊಂದು ಪೋಣಿಸುವ ರೀತಿಯ ಕಡೆಗೆ. ಅಲ್ಲಿ ಹಿಂದಿನ ಹೆಜ್ಜೆಯ ಉತ್ತರ ಸಿಕ್ಕಮೇಲೇ ಮುಂದಿನ ಹೆಜ್ಜೆ. ಪೋರ್ಟ್ ಓದುವಾಗಲೇ ಎಡವಿದರೆ ಬಾಡ್ ರೇಟ್ ತನಕ ಹೋಗುವುದೇ ಇಲ್ಲ. ಆದರೆ ಪೋರ್ಟ್‌ಗೂ ಪ್ರಿಂಟರ್‌ಗೂ ಏನು ಸಂಬಂಧ? ಒಂದಕ್ಕೊಂದು ಕಾಯಬೇಕಾಗಿಲ್ಲ ಅಲ್ವಾ. ಇಂಥದ್ದಕ್ಕೆ ಅಪ್ಲಿಕೇಟಿವ್ ಸಾಕು, ಅಂದರೆ ಒಂದಕ್ಕೊಂದು ಕಾಯದ ಹೆಜ್ಜೆಗಳನ್ನು ಬೇರೆ ಬೇರೆಯಾಗಿ ಓದಿ ಕೊನೆಗೆ ಕೂಡಿಸುವ ರೀತಿ. ಕಾನರ್ ಮ್ಯಾಕ್‌ಬ್ರೈಡ್ ಮತ್ತು ರಾಸ್ ಪ್ಯಾಟರ್ಸನ್ 2008ರ ಪ್ರಬಂಧದಲ್ಲಿ ಅಪ್ಲಿಕೇಟಿವ್ ವಿವರಿಸುವಾಗ ತಪ್ಪುಗಳನ್ನು ಕೂಡಿಹಾಕುವ ಉದಾಹರಣೆಯನ್ನೂ ಕೊಟ್ಟಿದ್ದಾರೆ. ಎರಡೂ ಕಡೆ ತಪ್ಪಿದ್ದರೆ ಎರಡು ಪಟ್ಟಿಯನ್ನೂ ಜೋಡಿಸುವುದು, ಅಷ್ಟೇ. ಈಗ ಪರದೆ ಮೇಲೆ ಹೀಗೆ ಬರುತ್ತದೆ:

"ಸಾಲು 4: ಬಾಡ್ ರೇಟ್ ಸಂಖ್ಯೆ ಆಗಿರಬೇಕು. ಸೊನ್ನೆ ಇರಬೇಕಾದ ಕಡೆ ಇಂಗ್ಲಿಷಿನ ಓ ಇದೆ.
ಸಾಲು 7: ಪ್ರಿಂಟರ್ ಹೆಸರು ಖಾಲಿ ಇದೆ."

ಇನ್ನೊಂದು ಲಾಭವೂ ಸಿಕ್ಕಿತು. ಯಾವ್ಯಾವ ಸೆಟ್ಟಿಂಗ್ ಬೇಕು ಅನ್ನುವುದು ಫೈಲ್ ಓದುವ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಮಾದರಿ ಫೈಲನ್ನು ಅದೇ ಕೋಡ್ ಬರೆದುಕೊಡುತ್ತದೆ, ವಿವರಣೆ ಸಮೇತ.

ಸೆಟ್ಟಿಂಗ್ ಬರುವ ಜಾಗ ನಾಲ್ಕು: ಡಿಫಾಲ್ಟ್ (ಏನೂ ಕೊಡದಿದ್ದರೆ ಬಳಸುವುದು), ಫೈಲ್, ಎನ್ವಿರಾನ್‌ಮೆಂಟ್ (ಆಪರೇಟಿಂಗ್ ಸಿಸ್ಟಮ್‌ನಲ್ಲಿ ಇಟ್ಟದ್ದು), ಕಮಾಂಡ್ ಲೈನ್ (ಪ್ರೋಗ್ರಾಂ ಶುರು ಮಾಡುವಾಗ ಟೈಪ್ ಮಾಡಿದ್ದು). ಈ ನಾಲ್ಕನ್ನೂ ಸೆಮಿಗ್ರೂಪ್‌ನಿಂದ, ಅಂದರೆ ಎರಡನ್ನು ಸೇರಿಸಿ ಒಂದು ಮಾಡುವ ನಿಯಮದಿಂದ, ಬೆರೆಸಿದೆ. ಕೊನೆಗೆ ಬಂದದ್ದೇ ಗೆಲ್ಲುತ್ತದೆ. ಪ್ರತಿ ಸೆಟ್ಟಿಂಗ್‌ನ ಮೌಲ್ಯದ ಜೊತೆ ಅದು ಎಲ್ಲಿಂದ ಬಂತು ಅನ್ನುವುದನ್ನೂ ಇಟ್ಟುಕೊಂಡಿದ್ದೇನೆ, ಇಲ್ಲದಿದ್ದರೆ ಫೋನಿನಲ್ಲಿ ಹುಡುಕುವುದು ಬಹಳ ಕಷ್ಟ.

ಜಾಸ್ತಿ ತಲೆ ತಿಂದದ್ದು ಒಂದರ ಮೇಲೊಂದು ನಿಂತ ಸೆಟ್ಟಿಂಗ್‌ಗಳು. ಯಂತ್ರ ಸೀರಿಯಲ್ ಆದರೆ ಪೋರ್ಟ್ ಬೇಕು, ನೆಟ್‌ವರ್ಕ್ ಆದರೆ ಐಪಿ ವಿಳಾಸ ಬೇಕು. ಇಲ್ಲಿ ಮೊನಾಡ್ ತಂದರೆ ಮುಂದೆ ಏನು ಬೇಕು ಅನ್ನುವುದು ಫೈಲ್ ಓದುವ ಮೊದಲು ಗೊತ್ತಾಗುವುದಿಲ್ಲ, ಹಾಗಾಗಿ ಮಾದರಿ ಫೈಲ್ ಕೈಬಿಡಬೇಕಾಗುತ್ತಿತ್ತು. ಅದಕ್ಕೆ ನಾನು ಒಪ್ಪಲಿಲ್ಲ. ‘ಆಯ್ಕೆ’ ಅಂತ ಬೇರೆಯೇ ಒಂದು ರೂಪ ಸೇರಿಸಿದೆ. ಎರಡೂ ದಾರಿಯನ್ನು ಮೊದಲೇ ಬರೆದಿಡಬೇಕು, ಆರಿಸಿದ ದಾರಿಯನ್ನಷ್ಟೇ ಅದು ಪರೀಕ್ಷಿಸುತ್ತದೆ. ಮಾದರಿ ಫೈಲ್‌ನಲ್ಲಿ ಮಾತ್ರ ಎರಡೂ ಬರುತ್ತವೆ.