ರೈಟರ್‌ನಲ್ಲಿ ಕರ್ಸರ್ ಕಾಣದಿದ್ದರೆ

ಸೋಮವಾರಪೇಟೆ, ವಿರಾಜಪೇಟೆ ಕಡೆಯವರು ಕೇಳುತ್ತಿದ್ದೀರಿ: ಪತ್ರ, ದಾಖಲೆ ಟೈಪ್ ಮಾಡುವ ಉಚಿತ ತಂತ್ರಾಂಶ ಲಿಬ್ರೆಆಫೀಸ್ ರೈಟರ್‌ನಲ್ಲಿ ಅಕ್ಷರ ಮೂಡುತ್ತದೆ, ಮಿನುಗುವ ಕರ್ಸರ್ ಮಾತ್ರ ಮಾಯ. ಸಂಘದ ಪತ್ರವನ್ನೋ ತೋಟದ ಲೆಕ್ಕವನ್ನೋ ತಿದ್ದುವಾಗ ಇದು ನಿಜಕ್ಕೂ ಕಷ್ಟ ಅಲ್ವಾ?

ಸುಮ್ನೆ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ಹಳೆಯ ಸೆಟ್ಟಿಂಗ್ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. 2020ರಲ್ಲಿ ಬಂದ ಲಿಬ್ರೆಆಫೀಸ್ 7.0 ಆವೃತ್ತಿಯಿಂದ, ವಿಂಡೋಸ್‌ನಲ್ಲಿ ಲಿಬ್ರೆಆಫೀಸ್‌ನ ಪರದೆಯನ್ನು ಸಾಮಾನ್ಯವಾಗಿ ಮೂಡಿಸುವುದು ಸ್ಕಿಯಾ ಎಂಬ ತಂತ್ರಾಂಶ. ಅದಕ್ಕೂ ಗ್ರಾಫಿಕ್ಸ್ ಡ್ರೈವರ್‌ಗೂ (ಕಂಪ್ಯೂಟರ್‌ನ ಚಿತ್ರ ಮೂಡಿಸುವ ಭಾಗವನ್ನು ನಡೆಸುವ ತಂತ್ರಾಂಶ) ಹೊಂದದಿದ್ದರೆ ಹೀಗಾಗಬಹುದು.

ಮೊದಲು ಫೈಲ್ ಸೇವ್ ಮಾಡಿ. ನಮ್ಮ ಮಳೆಗಾಲದ ಕರೆಂಟ್ ನಂಬುವಂತಿಲ್ಲ. ಆಮೇಲೆ ಟೂಲ್ಸ್, ಆಪ್ಶನ್ಸ್, ಲಿಬ್ರೆಆಫೀಸ್, ವ್ಯೂ ಎಂದು ಒಳಗೆ ಹೋಗಿ. 'ಫೋರ್ಸ್ ಸ್ಕಿಯಾ ಸಾಫ್ಟ್‌ವೇರ್ ರೆಂಡರಿಂಗ್' ಎಂಬುದಕ್ಕೆ ಟಿಕ್ ಹಾಕಿ, ಮುಚ್ಚಿ ಮತ್ತೆ ತೆರೆಯಿರಿ. ಹಳೆಯ ಲ್ಯಾಪ್‌ಟಾಪ್‌ಗೆ ನಾನು ಇದನ್ನೇ ಮೊದಲು ಹೇಳುತ್ತೇನೆ. ಆಗಲೂ ಕಾಣದಿದ್ದರೆ ಹೆಲ್ಪ್ ಮೆನುವಿನಲ್ಲಿ 'ರೀಸ್ಟಾರ್ಟ್ ಇನ್ ಸೇಫ್ ಮೋಡ್' (ನಿಮ್ಮ ಸೆಟ್ಟಿಂಗ್ ಬದಿಗಿಟ್ಟು ತಾತ್ಕಾಲಿಕವಾಗಿ ತೆರೆಯುವುದು) ಇದೆ, ಅದನ್ನು ಒತ್ತಿ ನೋಡಿ.